ಬಾಗಿಲಿಗೆ ಬರುವ ತಾಯಿ

ಮಡಿಕೇರಿ ದಸರಾಕ್ಕೆ ಹೊರಟಿದ್ದೇನೆ ಎಂದರೆ ‘ದಶಮಂಟಪ ನೋಡಲಿಕ್ಕಾ?’ ಎಂದೇ ಎಲ್ಲರೂ ಕೇಳುತ್ತಾರೆ. ವಿಜಯದಶಮಿಯ ರಾತ್ರಿ ಶುರುವಾಗಿ ಬೆಳಗಿನವರೆಗೂ ಸಾಗುವ ಆ ಹತ್ತು ಮಂಟಪಗಳ ಮೆರವಣಿಗೆಯ ವೈಭವ ನನಗೂ ಇಷ್ಟವೇ. ಆದರೆ ನನ್ನ ಹರಕೆ ಇದ್ದುದು ನವರಾತ್ರಿಯ ಮೊದಲ ಸಂಜೆಗೆ, ದೇವಿಯ ಕಳಶವನ್ನು ತಲೆಯ ಮೇಲೆ ಹೊತ್ತು ಸಾಗುವ ಕರಗಗಳು ಹೊರಡುವ ಪಂಪಿನಕೆರೆಗೆ.

2020ರಲ್ಲಿ ಅಮ್ಮ ಕೊರೊನಾದಿಂದ ಹದಿಮೂರು ದಿನ ಆಸ್ಪತ್ರೆಯಲ್ಲಿದ್ದರು. ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಮುಚ್ಚಿದ ಆ ಬಾಗಿಲಿನ ಮುಂದೆ ನಿಂತಾಗ ಮಡಿಕೇರಿಯ ಚಿಕ್ಕಮ್ಮ ಹೇಳುತ್ತಿದ್ದ ಕಥೆ ನೆನಪಾಯಿತು: ಹಿಂದೊಮ್ಮೆ ಊರಿಗೆಲ್ಲ ರೋಗ ಹಬ್ಬಿ ಜನ ಕಂಗೆಟ್ಟಾಗ ಮಾರಿಯಮ್ಮನ ಮೊರೆಹೊಕ್ಕು ಕರಗ ಹೊರಡಿಸಿದರಂತೆ. ಅಮ್ಮ ಮನೆಗೆ ಬಂದರೆ ಕರಗ ಹೊರಡುವ ಹೊತ್ತಿಗೆ ಬಂದು ಕೈಮುಗಿಯುತ್ತೇನೆ ಎಂದುಕೊಂಡೆ. ಅಮ್ಮ ಬಂದರು. ಹರಕೆ ಮಾತ್ರ ವರ್ಷದಿಂದ ವರ್ಷಕ್ಕೆ ಮುಂದೆ ಹೋಯಿತು. ಈ ಸಲ ಅಮ್ಮನನ್ನೇ ಕರೆದುಕೊಂಡು ಹೋದೆ.

ಮಧ್ಯಾಹ್ನ ಕೋಟೆಗೆ ಹೋದೆವು. 1681ರಲ್ಲಿ ಹಾಲೇರಿಯ ಮುದ್ದುರಾಜ ರಾಜಧಾನಿ ಮಾಡಿಕೊಂಡ ಊರು ಇದು. ಮುದ್ದುರಾಜನ ಕೇರಿಯೇ ಮಡಿಕೇರಿಯಾಯಿತು ಎನ್ನುತ್ತಾರೆ. ಅಂಗಳದ ಗಾರೆಯ ಜೋಡಿ ಆನೆಗಳ ಮೇಲೆ ಮಂಜು ಇಳಿದಿತ್ತು. ಓಂಕಾರೇಶ್ವರನಿಗೂ ಕೈಮುಗಿದೆವು. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಆ ಗುಡಿಯ ಗುಮ್ಮಟ ಮುಂದಿನ ಕೊಳದಲ್ಲಿ ಅಲುಗುತ್ತಿತ್ತು. 1834ಕ್ಕೆ ಅರಸೊತ್ತಿಗೆ ಮುಗಿಯಿತು. ಕರಗ ನಿಲ್ಲಲಿಲ್ಲ. ಮೈಸೂರಿನ ದಸರಾಕ್ಕೆ ಅರಮನೆ ಹೇಗೋ, ಇಲ್ಲಿನ ದಸರಾಕ್ಕೆ ಬೀದಿಯ ಮನೆಗಳು ಹಾಗೆ ಎಂದು ನನಗೆ ಅನಿಸುತ್ತದೆ.

ಸಂಜೆ ಪಂಪಿನಕೆರೆಯ ಬಳಿ ಜಿನುಗುಮಳೆ. ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕೋಟೆ ಮಾರಿಯಮ್ಮ – ನಾಲ್ಕು ಶಕ್ತಿದೇವತೆಗಳ ನಾಲ್ಕು ಕರಗಗಳು. ಹೂವಿನ ಅಲಂಕಾರದಲ್ಲಿ ಅವು ತಲೆಯೇರಿದ ಕ್ಷಣಕ್ಕೆ ವಾದ್ಯ ಮೊಳಗಿತು. ಪಕ್ಕದಲ್ಲಿದ್ದ ಅಮ್ಮ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕೇಳಿಕೊಳ್ಳಲು ಏನೇನೋ ಯೋಚಿಸಿಕೊಂಡು ಬಂದಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ‘ತಡವಾಯಿತು, ತಾಯಿ’ ಎಂದಷ್ಟೇ ಹೇಳಿದೆ.

ಅಂದು ರಾತ್ರಿ ಚಿಕ್ಕಮ್ಮನ ಮನೆಯಲ್ಲೇ ಉಳಿದೆವು. ನವರಾತ್ರಿಯುದ್ದಕ್ಕೂ ಕರಗಗಳು ನಗರದ ಬೀದಿಗಳಲ್ಲಿ ಸಂಚರಿಸಿ ಮನೆಮನೆಯ ಪೂಜೆ ಸ್ವೀಕರಿಸುತ್ತವೆ. ಮರುದಿನ ನಮ್ಮ ಬೀದಿಯ ಸರದಿ. ಅಂಗಳ ತೊಳೆದು ರಂಗೋಲಿ ಹಾಕಿದ ಚಿಕ್ಕಮ್ಮ ಹಣ್ಣುಕಾಯಿಯ ತಟ್ಟೆಯನ್ನು ಅಮ್ಮನ ಕೈಗೆ ಕೊಟ್ಟರು. ‘ಅಕ್ಕಾ, ನೀನೇ ಕೊಡು. ನಿನ್ನನ್ನು ನೋಡಲಿಕ್ಕೇ ಬರುತ್ತಿದ್ದಾಳೆ.’

ದೇವರೆಂದರೆ ನಾವು ಹೋಗಿ ಸಾಲಿನಲ್ಲಿ ನಿಂತು ನೋಡುವುದೆಂದೇ ನನಗೆ ರೂಢಿ. ಕಾಯಿಲೆಯ ಕಾಲಕ್ಕೆ ಹುಟ್ಟಿದ ಈ ಆಚರಣೆಯಲ್ಲಿ ಏಳಲಾರದವರ ಹೊಸ್ತಿಲಿಗೆ ಅವಳೇ ಬರುತ್ತಾಳೆ. ಎದುರುಮನೆಯ ಅಜ್ಜಿಯನ್ನು ಕುರ್ಚಿ ಸಮೇತ ಎತ್ತಿ ತಂದು ಬಾಗಿಲಲ್ಲಿ ಕೂರಿಸಿದ್ದರು. ವಾದ್ಯ ಹತ್ತಿರವಾದಂತೆ ಅವರು ಸೆರಗು ಸರಿಮಾಡಿಕೊಂಡ ಬಗೆ, ತವರಿನಿಂದ ಯಾರೋ ಬಂದಾಗ ಮಾಡಿಕೊಂಡಂತಿತ್ತು.

ಕರಗ ನಮ್ಮ ಅಂಗಳದಲ್ಲಿ ಕುಣಿದು ನಿಂತಿತು. ಅಮ್ಮ ತಟ್ಟೆ ನೀಡಿದರು. ಕೈ ನಡುಗಲಿಲ್ಲ.

ಅದು ಮುಂದಿನ ಮನೆಗೆ ಹೋದ ಮೇಲೆ ರಂಗೋಲಿ ಪೂರ್ತಿ ಅಳಿಸಿಹೋಗಿತ್ತು. ಇನ್ನೊಂದು ಕರಗ ಬರುವುದಿದೆ ಎಂದು ಚಿಕ್ಕಮ್ಮ ಹೇಳಿದ್ದೇ ತಡ, ಅಮ್ಮ ರಂಗೋಲಿ ಡಬ್ಬಿ ಹಿಡಿದು ಮತ್ತೆ ಕೂತರು.