ಬೆಂಡಾಗದ ಚಕ್ರ

ಹಳೆಯ ಬಿಎಂಎಕ್ಸ್ (ಮಣ್ಣಿನ ಹಾದಿಯ ರೇಸಿಗೆ ಬಳಸುವ ಚಿಕ್ಕ, ಗಟ್ಟಿ) ಸೈಕಲ್ಲುಗಳ ಬಿಡಿಭಾಗಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು, 1970ರ ದಶಕದಲ್ಲಿ ಅಮೆರಿಕದ ಸ್ಕೈವೇ ಕಂಪನಿ ತಂದ ಟಫ್ ವೀಲ್. 20 ಇಂಚಿನ ಈ ಚಕ್ರಕ್ಕೆ ಕಡ್ಡಿಗಳೇ ಇಲ್ಲ. ನಡುವಿನ ಹಬ್ಬಿನಿಂದ ಅಂಚಿನ ರಿಮ್ಮಿನವರೆಗೆ ನೈಲಾನಿನಲ್ಲಿ ಎರಕ ಹೊಯ್ದ ಐದು ದಪ್ಪ ತೋಳುಗಳಿವೆ. ದಾವಣಗೆರೆಯಲ್ಲಿ ಓದುತ್ತಿದ್ದಾಗ, ಬಾಡಿಗೆ ಸೈಕಲ್ಲನ್ನು ಗುಂಡಿಗೆ ಇಳಿಸಿದಾಗಲೆಲ್ಲ ಹಿಂದಿನ ಚಕ್ರ ಬೆಂಡಾಗಿ ಬ್ರೇಕಿನ ರಬ್ಬರಿಗೆ ಉಜ್ಜುತ್ತಿತ್ತು. ಮೆಕ್ಯಾನಿಕ್ ಒಂದೊಂದೇ ಕಡ್ಡಿಯ ತುದಿಯ ನಿಪ್ಪಲ್ (ಬಿಗಿಮಾಡುವ ನಟ್ಟು) ತಿರುಗಿಸುತ್ತ, ಚಕ್ರವನ್ನು ಸುತ್ತಿಸಿ ಕಣ್ಣಳತೆಯಲ್ಲೇ ಸರಿಪಡಿಸುವುದನ್ನು ಗಂಟೆಗಟ್ಟಲೆ ಕುಳಿತು ನೋಡಿದ್ದ ನನಗೆ, ಬೆಂಡು ತೆಗೆಯುವ ಕೆಲಸವೇ ಇಲ್ಲದ ಚಕ್ರದ ಬೆಲೆ ಚೆನ್ನಾಗಿ ಗೊತ್ತು. ಅದರ ತೂಕ ಹೆಚ್ಚೆಂಬುದು ನಿಜ, ಆದರೆ ಗಟ್ಟಿತನದ ಮುಂದೆ ಅದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ.

ಎರಡನೆಯದು ರೆಡ್‌ಲೈನ್ ಕಂಪನಿಯ ಫ್ಲೈಟ್ ಕ್ರ್ಯಾಂಕ್, ಅಂದರೆ ಪೆಡಲುಗಳನ್ನು ಹೊರುವ ತೋಳುಗಳ ಜೋಡಣೆ. ನಮ್ಮ ಸೈಕಲ್ಲುಗಳಲ್ಲಿ ಪೆಡಲಿನ ತೋಳನ್ನು ಹಿಡಿದಿಡುತ್ತಿದ್ದ ಕಾಟರ್ ಪಿನ್ ಸವೆದರೆ ಪ್ರತಿ ಸುತ್ತಿಗೂ ಕಾಲಡಿಯಲ್ಲಿ ‘ಟಕ್’ ಎನ್ನುತ್ತಿತ್ತು. ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ) ಉಕ್ಕಿನ ಕೊಳವೆಯಿಂದ ಮಾಡಿದ, ಮೂರು ತುಂಡುಗಳ ಈ ಕ್ರ್ಯಾಂಕಿಗೆ ಆ ಪಿನ್ನೇ ಇಲ್ಲ.

ಇನ್ನು ಗ್ರಿಪ್. ಕನ್ನಡಕಗಳಿಗೆ ಹೆಸರಾದ ಓಕ್ಲಿ ಕಂಪನಿ 1975ರಲ್ಲಿ ಆರಂಭವಾದದ್ದೇ ಹ್ಯಾಂಡಲ್ ಗ್ರಿಪ್‌ಗಳಿಂದ. ಕೈ ಬೆವರಿದರೂ ಜಾರದ ಅದರ ರಬ್ಬರು ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಹೇಳಿ ಮಾಡಿಸಿದಂತಿದೆ.