ಕಿಟಕಿ ಪಕ್ಕ ಜಾಜಿ ಬೇಡ ಅಂತ ಆಯ್ತು

ಮನೆ ಮುಂದಿನ ಗ್ರಿಲ್‌ಗೆ ಯಾವುದಾದ್ರೂ ಬಳ್ಳಿ ಹಬ್ಬಿಸೋಣ ಅಂತ ಹೊರಟಾಗ ಇಷ್ಟೊಂದು ತಲೆಬಿಸಿ ಆಗತ್ತೆ ಅಂದ್ಕೊಂಡಿರಲಿಲ್ಲ. ಮಗನಿಗೆ 7 ವರ್ಷ, ಬೆಳಗ್ಗೆ ಎದ್ರೆ ಸಾಲಾಗಿ ಹತ್ತು ಸೀನು, ಮೋಡ ಹಾಕಿದ್ರೆ ಉಬ್ಬಸ, ಇನ್‌ಹೇಲರ್ ಇಲ್ದೆ ನಾವು ಮದುವೆಮನೆಗೂ ಹೋಗಲ್ಲ.

ಅತ್ತೆಗೆ ಜಾಜಿನೇ ಬೇಕು. ಆದ್ರೆ ಪಕ್ಕದ್ಮನೆ ರಾತ್ರಿರಾಣಿ ಅರಳಿದ ದಿನ ಇವನು ಮಧ್ಯರಾತ್ರಿವರೆಗೂ ಕೆಮ್ಮಿದ್ದು ನನಗೆ ಇನ್ನೂ ನೆನಪಿದೆ. ಡಾಕ್ಟ್ರನ್ನ ಕೇಳಿದ್ರೆ, ಇಂಥ ಹೂವಿನ ಪರಾಗ ಅಂಟಂಟಾಗಿರತ್ತಮ್ಮ, ಹುಳದ ಮೈಗೆ ಮೆತ್ಕೊಂಡು ಹೋಗತ್ತೆ, ಹುಲ್ಲಿನ ಪರಾಗದ ಥರ ಗಾಳೀಲಿ ಅಷ್ಟು ಹಾರಲ್ಲ, ಇವನಿಗೆ ತೊಂದ್ರೆ ಕೊಟ್ಟಿದ್ದು ಆ ಘಾಟು ವಾಸನೆ ಇರಬೇಕು ಅಂದ್ರು. ಅಲರ್ಜಿನೋ ವಾಸನೆನೋ, ರಾತ್ರಿ ಎದ್ದು ಬೆನ್ನು ಸವರೋಳು ನಾನೇ ತಾನೆ!

ನರ್ಸರಿಯವನು "ಕರ್ಟನ್ ಕ್ರೀಪರ್ ಹಾಕಿ ಮೇಡಂ, ಪರದೆ ಥರ ಇಳಿಯತ್ತೆ" ಅಂದ. ಚೆನ್ನಾಗೇ ಇತ್ತು. ಮನೆಗೆ ಬಂದು ನೋಡಿದ್ರೆ ಅದು ಸೂರ್ಯಕಾಂತಿ ಕುಟುಂಬದ್ದು, ನಮ್ಮ ಕಾಂಗ್ರೆಸ್ ಗಿಡಾನೂ ಅದೇ ಕುಟುಂಬ. ಸ್ಕಿನ್ ಟೆಸ್ಟ್ ಮಾಡಿಸಿದಾಗ ಇವನ ಕೈ ಮೇಲೆ ಸಾಲಾಗಿ ಹನಿ ಹಾಕಿ ಚುಚ್ಚಿದ್ರಲ್ಲ, ಅದ್ರಲ್ಲಿ ಕಾಂಗ್ರೆಸ್ ಗಿಡದ ಹನಿ ಹಾಕಿದ ಜಾಗ 15 ನಿಮಿಷಕ್ಕೆ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿತ್ತು. ಒಂದೇ ಕುಟುಂಬ ಅಂದ ಮಾತ್ರಕ್ಕೆ ಅಲರ್ಜಿ ಆಗ್ಲೇಬೇಕು ಅಂತೇನಿಲ್ಲ, ಆದ್ರೂ ಪ್ರಯೋಗ ಮಾಡೋಕೆ ನನ್ ಮಗಾನೇ ಬೇಕಾ.

ಅಲಮಂಡಕ್ಕೆ ವಾಸನೆ ಹೆಚ್ಚಿಲ್ಲ, ಆದ್ರೆ ಕಿತ್ರೆ ಹಾಲು ಬರತ್ತೆ, ಮೈಗೆ ತಾಗಿದ್ರೆ ತುರಿಕೆ. ಮನಿ ಪ್ಲಾಂಟ್ ರಸಾನೂ ಹಾಗೇ. ಬೋಗನ್‌ವಿಲ್ಲಾ ಮುಳ್ಳು, ಕ್ರಿಕೆಟ್ ಬಾಲ್ ದಿನಾ ಅಲ್ಲೇ ಹೋಗಿ ಬೀಳೋದು.

ಕೊನೆಗೆ ಹಾಕಿದ್ದು ಶಂಖಪುಷ್ಪ. ಬೀಜ ರಾತ್ರಿ ನೆನೆಸಿಟ್ಟು ಬೆಳಗ್ಗೆ ಊರಿದ್ವಿ, ಎರಡು ತಿಂಗಳಾಗೋದ್ರೊಳಗೆ ಗ್ರಿಲ್ ತುಂಬ ನೀಲಿ, ವಾಸನೆ ಅಂತೂ ಮೂಗು ಹತ್ರ ಇಟ್ರೂ ಇಲ್ಲ. ಪಕ್ಕದಲ್ಲೇ ಬಸಳೆ ದಂಟು ನೆಟ್ವಿ, ಮನೆ ಸೊಪ್ಪೂ ಆಯ್ತು. ಉದುರಿದ ಎಲೆ ಮಾತ್ರ ಕುಂಡದಲ್ಲಿ ಕೊಳೆಯೋಕೆ ಬಿಡಲ್ಲ, ಬೂಷ್ಟು ಬಂದ್ರೆ ಮತ್ತೆ ಸೀನು ಶುರು. ಅತ್ತೆ ಜಾಜಿ ಟೆರೇಸ್ ಮೇಲೆ ಹಿಂದಿನ ಮೂಲೇಲಿದೆ, ಇವನ ರೂಮಿಂದ ಆದಷ್ಟು ದೂರ. ದಿನಾ ಸಂಜೆ ಮಂಡಿ ಹಿಡ್ಕೊಂಡು ಮೆಟ್ಟಿಲು ಹತ್ತುವಾಗ ನನ್ನ ಕಡೆ ಒಂದು ನೋಟ ಬಿಡ್ತಾರೆ.

ಮಗನಿಗೆ ಈ ಎರಡು ಬಳ್ಳಿಯಿಂದ ಈವರೆಗೂ ಏನೂ ತೊಂದ್ರೆ ಆಗಿಲ್ಲ. ಬಸಳೆ ಹುಳಿ ಮಾಡಿದ ದಿನ ಮಾತ್ರ "ಅಮ್ಮಾ, ನಂಗೆ ಇದು ಅಲರ್ಜಿ" ಅಂತಾನೆ.