ಕೊಳೆ ಅಡಿಕೆಯ ಝೂಸ್ಪೋರ್‌ಗಳು ಕಡೆಗೂ ಈಜಿದವು

ಕಡೆಗೂ ಬಿಟ್ಟವು! ಮೈಕ್ರೊಸ್ಕೋಪಿನಲ್ಲಿ ಕಣ್ಣಳತೆಯಲ್ಲಿದ್ದ ಚೀಲಗಳೆಲ್ಲ ಒಂದರ ಹಿಂದೆ ಒಂದು ಬಾಯಿ ತೆರೆದವು. ಅಡಿಕೆ ಕೊಳೆರೋಗದ ಝೂಸ್ಪೋರ್, ಅಂದರೆ ರೋಗ ಹರಡುವ ಈಜುವ ಬೀಜಕಣ, ನೀರಿನಲ್ಲಿ ಈಜುವುದನ್ನು ಕಣ್ಣಾರೆ ನೋಡಲೇಬೇಕು ಅಂತ ಹೋದ ಮಳೆಗಾಲದಿಂದ ಹಟ ಹಿಡಿದಿದ್ದೆ. ತೋಟದ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಕೊಳೆ ಹೊಸದಲ್ಲ. ಆದರೆ ಅದು ಕಾಯಿಯಿಂದ ಕಾಯಿಗೆ ಹೋಗುವ ಆ ಒಂದು ಗಳಿಗೆಯನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ?

ಸ್ಲೈಡ್ ಮಾಡುವುದು, ಫೋಕಸ್ ಹಿಡಿಯುವುದು ನಿಮಗೆಲ್ಲ ಗೊತ್ತಿದ್ದದ್ದೇ, ಬಿಟ್ಟುಬಿಡುತ್ತೇನೆ. ಸ್ಯಾಂಪಲ್ ಬಗ್ಗೆ ಮಾತ್ರ ಎರಡು ಮಾತು. ಉದುರಿ ವಾರವಾದ ಕಾಯಿ ತರಬೇಡಿ, ಅದರ ಮೇಲೆ ಆಗಲೇ ಬೇರೆ ಬೂಷ್ಟು, ಬ್ಯಾಕ್ಟೀರಿಯಾ ಎಲ್ಲ ಸೇರಿಕೊಂಡಿರುತ್ತವೆ. ಅವತ್ತೇ ಬಿದ್ದ ಹಸಿ ಕಾಯಿ, ತೊಟ್ಟಿನ ಹತ್ತಿರ ನೀರು ಹಿಡಿದ ಹಾಗೆ ಕಡುಹಸಿರು ಕಲೆ ಇರುವಂಥದ್ದು ಸಿಕ್ಕರೆ ಒಳ್ಳೆಯದು. ತೊಳೆದು, ಒದ್ದೆ ಬಟ್ಟೆ ಹಾಸಿದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಬಿಳಿ ಬೂಷ್ಟು ಬರುತ್ತದೆ. ಅದನ್ನು ಸೂಜಿಯಿಂದ ಮುಟ್ಟಿ ನೀರಿನ ಹನಿಗೆ ತಾಗಿಸಿದರೆ ಸಾಕು, ನಿಂಬೆಹಣ್ಣಿನ ಆಕಾರದ ಚೀಲಗಳು, ಅಂದರೆ ಸ್ಪೊರಾಂಜಿಯಾ, ರಾಶಿ ರಾಶಿ ಉದುರುತ್ತವೆ. ಪ್ರತಿಯೊಂದರ ತುದಿಯಲ್ಲೂ ಒಂದು ಸಣ್ಣ ಮೊನೆ. 400 ಪಟ್ಟು ದೊಡ್ಡದು ಮಾಡಿದರೆ ಆರಾಮಾಗಿ ಕಾಣುತ್ತದೆ.

ಇಲ್ಲಿಯವರೆಗೆ ಸುಲಭ. ತೊಂದರೆ ಶುರುವಾಗುವುದು ಇದರ ಆಮೇಲೆ. ಚೀಲ ಇದೆ, ನೀರಿದೆ, ನಾನಿದ್ದೇನೆ, ಏನೂ ಆಗುವುದಿಲ್ಲ. ರಾತ್ರಿ ಊಟ ಮುಗಿಸಿ ಬಂದು ನೋಡಿದರೂ ಅದೇ ಚೀಲ, ಅದೇ ಮೊನೆ. ಕೆಲವು ಚೀಲ ಝೂಸ್ಪೋರ್ ಬಿಡದೆ ನೇರವಾಗಿ ಎಳೆಯನ್ನೇ ಮೊಳೆಸಿಬಿಟ್ಟವು. ಫೈಟೊಫ್ತೊರಾಕ್ಕೆ, ಅಂದರೆ ಕೊಳೆ ತರುವ ಈ ಜೀವಿಗೆ, ಎರಡು ದಾರಿಯೂ ಉಂಟಲ್ವಾ. ತಂಪಾದ ನೀರು ಸಿಕ್ಕರೆ ಈಜುಗಾರರನ್ನು ಬಿಡುತ್ತದೆ, ಇಲ್ಲದಿದ್ದರೆ ಸೀದಾ ಮೊಳೆಯುತ್ತದೆ.

ಅಂದರೆ ಅದಕ್ಕೆ ಥಂಡಿ ತಾಗಬೇಕು. ಹನಿ ಹಾಕಿದ ಸ್ಲೈಡನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಇಪ್ಪತ್ತು ನಿಮಿಷ, ಆಮೇಲೆ ಹೊರಗೆ. ಲ್ಯಾಬಿನವರು ಮಾಡುವುದೂ ಹೆಚ್ಚುಕಮ್ಮಿ ಇದೇ. (ಮನೆಯವರ ಅನುಮತಿ ಮೊದಲೇ ತಗೊಳ್ಳಿ. ದೋಸೆ ಹಿಟ್ಟಿನ ಪಕ್ಕ ಕೊಳೆ ಅಡಿಕೆ ಇಡಲು ನಮ್ಮನೆಯಲ್ಲಿ ದೊಡ್ಡ ಮಾತುಕತೆಯೇ ನಡೆಯಿತು.) ಆದರೂ ಚೀಲಗಳು ಝೂಸ್ಪೋರ್ ಬಿಡಲಿಲ್ಲ.

ಮುಂದಿನ ಅನುಮಾನ ಕವರ್ ಸ್ಲಿಪ್ ಮೇಲೆ. ಗಾಜು ಒತ್ತಿದರೆ ಚೀಲ ನಲುಗುತ್ತದೆ, ಅದಕ್ಕೆ ಗುಳಿ ಇರುವ ಸ್ಲೈಡ್ ಬೇಕು. ಆನ್‌ಲೈನಲ್ಲಿ ತರಿಸಿದೆ. ಬಂದದ್ದು ಹಳೇ ಪೇಪರಿನಲ್ಲಿ ಸುತ್ತಿದ ಗಾಜಿನ ಚೂರು. ಬದಲಿ ಕಳಿಸಿ ಅಂದರೆ ಗುಳಿಯೇ ಇಲ್ಲದ ಚಪ್ಪಟೆ ಸ್ಲೈಡ್ ಕಳಿಸಿದರು, ಫೋಟೋದಲ್ಲಿ ಮಾತ್ರ ಗುಳಿ! ಹವ್ಯಾಸಕ್ಕೆ ದುಡ್ಡು ಹಾಕುವವರನ್ನು ಇಷ್ಟು ಹಗುರವಾಗಿ ತಗೊಳ್ಳಬಾರದು, ನನಗೆ ನಿಜವಾಗಿ ಸಿಟ್ಟು ಬಂತು. ಕಡೆಗೆ ಸೈಕಲ್ ಟ್ಯೂಬಿನಿಂದ ಸಣ್ಣ ಉಂಗುರ ಕತ್ತರಿಸಿ, ಸ್ಲೈಡಿಗೆ ವ್ಯಾಸಲೀನ್ ಹಚ್ಚಿ ಕೂರಿಸಿ, ಮೇಲಿನ ಗಾಜಿನ ಅಡಿಯಲ್ಲಿ ಹನಿ ನೇತಾಡುವ ಹಾಗೆ ಮಾಡಿದೆ. ಅಂಗಡಿ ಸ್ಲೈಡಿಗಿಂತ ಇದೇ ವಾಸಿ. ಹನಿ ಒಣಗುವುದಿಲ್ಲ, ಚೀಲಕ್ಕೂ ಜಾಗ.

ಆದರೂ ಬಿಡಲಿಲ್ಲ. ಉಳಿದದ್ದು ನೀರು. ನಮ್ಮಲ್ಲಿ ಕುಡಿಯುವ ನೀರು ತಾಮ್ರದ ಕೊಡದಲ್ಲಿರುತ್ತದೆ, ಸ್ಲೈಡಿಗೂ ಅದೇ ನೀರು. ತಾಮ್ರ! ಕೊಳೆಗೆ ನಾವು ಹೊಡೆಯುವ ಬೋರ್ಡೋ ದ್ರಾವಣವೂ ತಾಮ್ರವೇ ತಾನೇ. ಝೂಸ್ಪೋರಿಗೆ ಗೋಡೆ ಇಲ್ಲ, ಬರೀ ತೆಳು ಪೊರೆ, ಹಾಗಾಗಿ ನೀರಿನಲ್ಲಿ ಅತಿ ಕಡಿಮೆ ತಾಮ್ರ ಇದ್ದರೂ ಅದು ತಡೆದುಕೊಳ್ಳುವುದಿಲ್ಲ. ಅಂಗಳದಲ್ಲಿ ಸ್ಟೀಲ್ ಪಾತ್ರೆ ಇಟ್ಟು ಮಳೆನೀರು ಹಿಡಿದೆ. ಒಂದು ಉಂಗುರಕ್ಕೆ ಮಳೆನೀರು, ಇನ್ನೊಂದಕ್ಕೆ ಕೊಡದ ನೀರು, ಒಂದೇ ಕಾಯಿಯ ಬೂಷ್ಟು, ಒಂದೇ ಹೊತ್ತು ಫ್ರಿಜ್ಜು. ಹೊರಗೆ ತೆಗೆದು ಅರ್ಧ ಗಂಟೆಯೊಳಗೆ ಮಳೆನೀರಿನದ್ದು ಶುರುವಾಯಿತು. ಕೊಡದ ನೀರಿನದ್ದು ಹಾಗೇ ಕೂತಿತ್ತು. ಇಂಥ ಎರಡು ಹನಿಯಿಂದ ಎಲ್ಲ ಸಾಬೀತಾಯಿತು ಅನ್ನಲ್ಲ, ಇನ್ನೂ ಮಾಡಿ ನೋಡಬೇಕು. ಆದರೆ ಮಳೆನೀರಿನಲ್ಲಿ ಆಮೇಲೆ ಒಮ್ಮೆಯೂ ಕೈಕೊಟ್ಟಿಲ್ಲ.

ಕಂಡದ್ದನ್ನು ಹೇಳಿಬಿಡುತ್ತೇನೆ. ಮೊದಲು ಚೀಲದೊಳಗಿನ ಕಾಳು ಕಾಳಾದ ದ್ರವ್ಯ ತುಂಡು ತುಂಡಾಗಿ ಬೇರೆಯಾಗುತ್ತದೆ. ತುಂಡುಗಳು ಒಳಗೇ ನಡುಗಲು ಶುರುಮಾಡುತ್ತವೆ. ತುದಿಯ ಮೊನೆ ಉಬ್ಬುತ್ತದೆ, ತಟ್ಟನೆ ಕರಗಿ ಬಾಯಾಗುತ್ತದೆ. ಮೊದಲ ಕೆಲವು ಭರ್ ಅಂತ ಒಟ್ಟಿಗೇ ಹೊರಗೆ, ಆಮೇಲಿನವು ಒಂದೊಂದೇ ಮೈ ಹಿಂಡಿಕೊಂಡು ಬಾಯಲ್ಲಿ ನುಸುಳುತ್ತವೆ. ಹೊರಗೆ ಬಂದದ್ದೇ ಸುರುಳಿ ಸುತ್ತುತ್ತಾ ಓಟ. ಎರಡು ಬಾಲ ಇರುತ್ತವೆ, ಒಂದು ಮುಂದೆ, ಒಂದು ಹಿಂದೆ. ನನ್ನ ಲೆನ್ಸಿಗೆ ಅವು ಸಿಗಲಿಲ್ಲ. ಮಾಮೂಲಿ ಬೂಷ್ಟು ಹೀಗೆಲ್ಲ ಈಜುವುದಿಲ್ಲ. ಫೈಟೊಫ್ತೊರಾ ಶಿಲೀಂಧ್ರವೇ ಅಲ್ಲ, ಕಂದು ಪಾಚಿಗಳ ದೂರದ ನೆಂಟ. ಸ್ವಲ್ಪ ಹೊತ್ತಿಗೆ ಓಟ ನಿಧಾನವಾಗಿ, ಒಂದೊಂದೇ ನಿಂತು, ಬಾಲ ಬಿಟ್ಟು, ಉಂಡೆಯಾಗಿ ಗೋಡೆ ಕಟ್ಟಿಕೊಳ್ಳುತ್ತದೆ. ಆ ಉಂಡೆಯಿಂದ ಮೊಳೆಯುವ ಎಳೆಯೇ ಕಾಯಿಯೊಳಗೆ ಹೋಗುವುದು.

ಅಂದರೆ ತಾಮ್ರ ಕೆಲಸ ಮಾಡಬೇಕಾದದ್ದು ಈ ಚಿಕ್ಕ ಅವಧಿಯಲ್ಲಿ. ಎಳೆ ಒಳಗೆ ಹೋದ ಮೇಲೆ ಮೇಲಿಂದ ಬೋರ್ಡೋ ಹೊಡೆದು ಏನು ಮಾಡುವುದು? ಮುಂಗಾರು ಹಿಡಿಯುವ ಮೊದಲೇ ಮೊದಲ ಸಲ ಹೊಡೆಯಿರಿ ಅನ್ನುವುದು ಇದಕ್ಕೇ. ಫ್ರಾನ್ಸಿನಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಗೆ ಅಂತ ಪ್ರಕಟಿಸಿದ ಮದ್ದು ಇದು. ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ವರದಿ ಬರೆದರು, ಅಡಿಕೆಗೆ ಬೋರ್ಡೋ ತಂದವರೂ ಅವರೇ. ಅದಕ್ಕೂ ಮೊದಲು ನಮ್ಮವರು ಗೊನೆಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟಿ ಮಳೆನೀರು ತಾಗದ ಹಾಗೆ ಮಾಡುತ್ತಿದ್ದರು. ಆ ಹನಿ ನೋಡಿದ ಮೇಲೆ ಕೊಟ್ಟೆ ಕಟ್ಟಿದವರ ಮೇಲೆ ಗೌರವ ಜಾಸ್ತಿಯಾಗಿದೆ. ನೀರೇ ಇಲ್ಲದಿದ್ದರೆ ಈಜುವುದೆಲ್ಲಿ? ಇನ್ನು ಬೋರ್ಡೋಗೆ ಬೆರೆಸುವ ಅಂಗಡಿಯ ಸುಣ್ಣದ ವಿಷಯ: ಈ ಸಲ ಕೊಟ್ಟದ್ದು ಗಾಳಿಗೆ ಅರಳಿ ಸತ್ತು ಹೋದ ಪುಡಿ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಸರಿಯಾಗಿ ಹಾಕಿದರೂ ಬ್ಲೇಡ್ ಅದ್ದಿದರೆ ಕೆಂಪು, ಅಂದರೆ ಸುಣ್ಣ ಸಾಲದೆ ತಾಮ್ರ ಹಾಗೇ ಉಳಿದಿದೆ. ಇನ್ನೂ ಸುಣ್ಣ ಸುರಿದು ಸರಿಮಾಡಬೇಕಾಯಿತು.

ಗಿಡ ಸುಮ್ನೆ ಕೂರುತ್ತದೆ ಅಂದುಕೊಳ್ಳಬೇಡಿ. ಎಳೆ ಚುಚ್ಚಿದ ಕಡೆ ಗಿಡದ ಕೋಶ ಒಳಗಿನಿಂದ ಗೋಡೆಗೆ ತೇಪೆ ಹಾಕುತ್ತದೆ. ಗುರುತು ಸಿಕ್ಕರೆ ಆ ಕೋಶ ತಾನೇ ಸತ್ತು ಶತ್ರುವನ್ನು ಅಲ್ಲೇ ಕಟ್ಟಿಹಾಕುತ್ತದೆ. ಫೈಟೊಫ್ತೊರಾ ಪ್ರೋಟೀನುಗಳನ್ನು ಒಳಗೆ ತೂರಿಸಿ ಈ ಎಚ್ಚರಿಕೆಯನ್ನೇ ಅಡಗಿಸಲು ನೋಡುತ್ತದೆ. 1940ರಲ್ಲಿ ಜರ್ಮನಿಯ ವಿಜ್ಞಾನಿಗಳಾದ ಮ್ಯುಲ್ಲರ್ ಮತ್ತು ಬೋರ್ಗರ್ ಆಲೂಗಡ್ಡೆ ಹೋಳಿನ ಮೇಲೆ, ಆ ತಳಿಗೆ ಏನೂ ಮಾಡಲಾಗದ ಅಂಗಮಾರಿಯನ್ನು (ಅದೂ ಒಂದು ಫೈಟೊಫ್ತೊರಾವೇ) ಮೊದಲು ಬಿಟ್ಟರು. ಆಮೇಲೆ ಅದೇ ಜಾಗಕ್ಕೆ ಕೊಲ್ಲುವಂಥದ್ದನ್ನು ಬಿಟ್ಟರೆ ಅದೂ ಬೆಳೆಯಲಿಲ್ಲ! ಗಿಡ ಹೊಡೆತ ಬಿದ್ದ ಮೇಲೆ ಹೊಸದಾಗಿ ವಿಷ ತಯಾರಿಸುತ್ತದೆ ಎಂಬ ವಿಚಾರ ಬಂದದ್ದು ಅಲ್ಲಿಂದ. ಅಡುಗೆಮನೆಯಲ್ಲಿ ಆಲೂಗಡ್ಡೆ ಇದೆ, ನನ್ನ ಹತ್ತಿರ ಈಗ ಝೂಸ್ಪೋರ್ ಇದೆ. ಕೊಳೆಯ ಹನಿ ಹಾಕಿದರೆ ಹೋಳು ಕಂದಾಗುತ್ತದಾ? ಭಾನುವಾರ ಹಾಕುತ್ತೇನೆ.

ಅದಾದ ಮೇಲೆ ಕಾಳುಮೆಣಸು. ಶೀಘ್ರ ಸೊರಗು ರೋಗ ತರುವುದೂ ಫೈಟೊಫ್ತೊರಾ, ಜಾತಿ ಮಾತ್ರ ಬೇರೆ. ಬ್ರೆಜಿಲ್ ಹಿಪ್ಪಲಿಯ ಬೇರಿಗೆ ಅದು ಅಷ್ಟಾಗಿ ತಾಗುವುದಿಲ್ಲ, ಅದಕ್ಕೇ ಅದರ ಮೇಲೆ ಮೆಣಸಿನ ಕಸಿ ಕಟ್ಟುತ್ತೇವೆ. ಎರಡರ ಬೇರಿನ ತುದಿಯನ್ನೂ ಒಂದೇ ಉಂಗುರದಲ್ಲಿಟ್ಟು ಈಜುಗಾರರನ್ನು ಬಿಟ್ಟರೆ ಯಾವ ಕಡೆ ಹೆಚ್ಚು ಮುತ್ತುತ್ತವೆ ಅನ್ನುವುದು ನೋಡಬೇಕಾದ ವಿಷಯ. ಸೊರಗಿದ ಬಳ್ಳಿಯ ಬುಡದ ಮಣ್ಣು ನೀರಿಗೆ ಹಾಕಿ, ಈಜುಗಾರರು ಬಂದು ಹಿಡಿಯಲಿ ಅಂತ ಮೇಲೆ ಮೆಣಸಿನ ಎಲೆ ಚೂರು ತೇಲಿಬಿಟ್ಟಿದ್ದೇನೆ. ಮಳೆನೀರೇ ಹಾಕಿದ್ದು. ನೋಡಿ ಮುಗಿದ ಸ್ಲೈಡು, ಕಾಯಿ ಎಲ್ಲ ಕುದಿಯುವ ನೀರಿಗೆ ಹಾಕಿ ಆಮೇಲೆ ಎಸೆಯಿರಿ, ತೋಟಕ್ಕೆ ಚೆಲ್ಲಬೇಡಿ. ಗುಳಿ ಇರುವ ಸ್ಲೈಡ್ ಸರಿಯಾಗಿ ಕೊಡುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ, ಟ್ಯೂಬ್ ಉಂಗುರ ಅಷ್ಟು ಸಣ್ಣ ಬೇರಿಗೆ ಎತ್ತರ ಜಾಸ್ತಿಯಾಗುತ್ತಿದೆ.